‘ಹೊಂದಿದ್ದೇನೆ’ ಬಿಡಿ, ‘ಇದೆ’ ಹಿಡಿಯಿರಿ: ಇಂಗ್ಲಿಷಿನ ಹ್ಯಾವ್ ಬಳಸುವುದು ಹೇಗೆ?

ಹ್ಯಾವ್ ಯಾವಾಗ, ಹ್ಯಾಸ್ ಯಾವಾಗ, ಹ್ಯಾಡ್ ಯಾವಾಗ? ‘ಹ್ಯಾವಿಂಗ್’ ಅಂದ್ರೆ ತಪ್ಪಾ? ‘ಹ್ಯಾಡ್ ಹ್ಯಾಡ್’ ಅಂತ ಎರಡೆರಡು ಸಲ ಬರೆದಿದ್ದಾರಲ್ಲ, ಅದು ಅಚ್ಚಿನ ತಪ್ಪಾ? ಓದುಗರು ಈ ಪ್ರಶ್ನೆಗಳನ್ನು ಕೇಳುತ್ತಲೇ ಇರುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡುವುದು ವಾಸಿ ಅನ್ನಿಸಿತು.

ನನ್ನ ಪ್ರಕಾರ ತೊಂದರೆ ಶುರುವಾಗುವುದೇ ಶಾಲೆಯಲ್ಲಿ ಹೇಳಿಕೊಟ್ಟ ಕನ್ನಡ ಅರ್ಥದಿಂದ. ಹ್ಯಾವ್ ಅಂದ್ರೆ ‘ಹೊಂದಿರು’ ಅಂತ ಉರು ಹೊಡೆದೆವು. ಈಗ ನೀವೇ ಹೇಳಿ, ‘ನಾನು ಇಬ್ಬರು ತಂಗಿಯರನ್ನು ಹೊಂದಿದ್ದೇನೆ’ ಅಂತ ಯಾರಾದ್ರೂ ಮಾತಾಡ್ತಾರಾ? ‘ನನಗೆ ಇಬ್ಬರು ತಂಗಿಯರಿದ್ದಾರೆ’ ಅನ್ನುತ್ತೇವೆ. ದಿನಬಳಕೆಯ ಕನ್ನಡದಲ್ಲಿ ಹ್ಯಾವ್‌ಗೆ ನೇರ ಸಾಟಿಯಾದ ಕ್ರಿಯಾಪದವೇ ಇಲ್ಲ. ಇದೇನೂ ನಮ್ಮ ಭಾಷೆಯ ಕೊರತೆ ಅಂದುಕೊಳ್ಳಬೇಡಿ. ತಮಿಳು, ತೆಲುಗು, ಹಿಂದಿಯಲ್ಲೂ ಹೀಗೇ. ರಷ್ಯನ್ನರೂ ‘ನನ್ನ ಹತ್ರ ಇದೆ’ ಅನ್ನೋ ಥರವೇ ಹೇಳುತ್ತಾರೆ. ನಾವು ‘ಇರು’ ಹತ್ತಿರ ಮಾಡಿಸುವ ಕೆಲಸವನ್ನು ಇಂಗ್ಲಿಷಿನವರು ಹ್ಯಾವ್ ಹತ್ತಿರ ಮಾಡಿಸುತ್ತಾರೆ, ಅಷ್ಟೆ. ಹಾಗಾಗಿ ‘ಹೊಂದಿರು’ ಅನ್ನುವುದನ್ನು ಇವತ್ತಿಗೆ ಮರೆತುಬಿಡಿ.

ಬೇಕಾಗಿರುವುದು ಇಷ್ಟು: ಒಂದು ನೋಟ್‌ಬುಕ್, ಒಂದು ಪೆನ್ನು, ಮತ್ತು ‘ಗೋ, ವೆಂಟ್, ಗಾನ್’ ಥರದ ಕ್ರಿಯಾಪದಗಳ ಪಟ್ಟಿ. ಆ ಪಟ್ಟಿಯ ಮೂರನೇ ಕಾಲಮ್ಮಿನಲ್ಲಿರುವ ಗಾನ್, ಡನ್, ಈಟನ್, ಸೀನ್ ಇವುಗಳನ್ನು ಮೇಷ್ಟ್ರು ‘ವಿ ತ್ರೀ’ ಅನ್ನುತ್ತಿದ್ದರಲ್ಲ, ನಾನು ಇಲ್ಲಿ ‘ಮೂರನೇ ರೂಪ’ ಅನ್ನುತ್ತೇನೆ. ನೋಟ್‌ಬುಕ್ಕಿನಲ್ಲಿ ನಿಮ್ಮದೇ ಬದುಕಿನ ಹತ್ತು ಕನ್ನಡ ವಾಕ್ಯ ಬರೆದುಕೊಳ್ಳಿ. ಎಲ್ಲದರಲ್ಲೂ ಇದೆ, ಇದ್ದಾರೆ, ಇಲ್ಲ, ಬೇಕು ಇವುಗಳಲ್ಲಿ ಒಂದು ಇರಲಿ. ಓದುತ್ತಾ ಓದುತ್ತಾ ಅವನ್ನೇ ತಿರುಗಿಸುತ್ತಾ ಹೋಗಿ.

1. ಯಾರಿಗೆ ಯಾವ ರೂಪ

ಐ, ಯೂ, ವೀ, ದೇ ಬಂದರೆ ಹ್ಯಾವ್. ಹೀ, ಶೀ, ಇಟ್ ಬಂದರೆ ಹ್ಯಾಸ್. ಹಿಂದೆ ಆಗಿದ್ದಾದರೆ ಎಲ್ಲರಿಗೂ ಹ್ಯಾಡ್. ಇದು ನಿಮಗೆ ಗೊತ್ತಿರುವುದೇ. ಎಡವುವುದು ಬೇರೆ ಮೂರು ಕಡೆ.

ಮೊದಲನೆಯದು ಮರ್ಯಾದೆ. ಕನ್ನಡದಲ್ಲಿ ಅಪ್ಪ, ಮೇಷ್ಟ್ರು, ಡಾಕ್ಟರು ಒಬ್ಬರೇ ಇದ್ದರೂ ‘ಇದ್ದಾರೆ’ ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ‘ಮೈ ಫಾದರ್ ಹ್ಯಾವ್’ ಅಂತ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಹ್ಯಾಸ್ ಅಂದರೆ ಏಕವಚನದಲ್ಲಿ ಕರೆದ ಹಾಗಲ್ಲ. ಪ್ರಧಾನಿಗೂ ಹ್ಯಾಸ್, ಬೆಕ್ಕಿಗೂ ಹ್ಯಾಸ್.

ಎರಡನೆಯದು ‘ಎಲ್ಲರೂ’. ನಮಗೆ ಅದು ಬಹುವಚನ. ಆದರೆ ಎವ್ರಿವನ್, ಎವ್ರಿಬಡಿ ಇವಕ್ಕೆ ಹ್ಯಾಸ್.

ಮೂರನೆಯದು ಡೂ, ಡಸ್, ಡಿಡ್, ವಿಲ್, ಕ್ಯಾನ್, ಶುಡ್ ಮುಂದೆ ಬಂದಾಗ. ಆಗ ಯಾರೇ ಇರಲಿ, ಯಾವ ಕಾಲವೇ ಇರಲಿ, ಬರುವುದು ಬರೀ ಹ್ಯಾವ್. ‘ಡಸ್ ಶೀ ಹ್ಯಾಸ್ ಎ ಕಾರ್?’ ತಪ್ಪು, ‘ಡಸ್ ಶೀ ಹ್ಯಾವ್ ಎ ಕಾರ್?’ ಸರಿ. ‘ಡಿಡ್ ಯೂ ಹ್ಯಾಡ್’ ಅಂತ ಇಲ್ಲವೇ ಇಲ್ಲ.

2. ‘ನನಗೆ ಇದೆ’, ‘ನನ್ನ ಹತ್ರ ಇದೆ’

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಕನ್ನಡ ಈ ವಿಷಯದಲ್ಲಿ ಬಲು ಸೂಕ್ಷ್ಮ. ಸಂಬಂಧ ಇದ್ದರೆ ‘ಗೆ’ ಹಾಕುತ್ತೇವೆ: ಮಾಲತಿಗೆ ಇಬ್ಬರು ಮಕ್ಕಳಿದ್ದಾರೆ. ಕೈಯಲ್ಲಿರುವ ವಸ್ತುವಾದರೆ ‘ಹತ್ರ’: ನನ್ನ ಹತ್ರ ಚಿಲ್ಲರೆ ಇದೆ. ‘ನನಗೆ ಚಿಲ್ಲರೆ ಇದೆ’ ಅನ್ನುವುದಿಲ್ಲ, ‘ಮಾಲತಿ ಹತ್ರ ಇಬ್ಬರು ಮಕ್ಕಳಿದ್ದಾರೆ’ ಅಂದರೆ ಅರ್ಥವೇ ಬೇರೆ. ಮಕ್ಕಳು ಸದ್ಯಕ್ಕೆ ಅವಳ ಜೊತೆ ಇದ್ದಾರೆ ಅಂತಾಗುತ್ತದೆ. ಇಂಗ್ಲಿಷಿನಲ್ಲಿ ಈ ಗೊಡವೆ ಇಲ್ಲ. ಎಲ್ಲಕ್ಕೂ ಹ್ಯಾವ್.

ತಿರುಗಿಸುವುದು ಹೀಗೆ. ‘ಮಾಲತಿಗೆ ಇಬ್ಬರು ಮಕ್ಕಳಿದ್ದಾರೆ’ ತೆಗೆದುಕೊಳ್ಳಿ. ಯಾರಿಗೆ ಅಂತ ಕೇಳಿಕೊಳ್ಳಿ. ಮಾಲತಿಗೆ. ಆ ‘ಗೆ’ ಕಿತ್ತುಹಾಕಿ ಮಾಲತಿಯನ್ನು ಮುಂದೆ ಕೂರಿಸಿ. ಆಮೇಲೆ ‘ಇದ್ದಾರೆ’ ಬದಲು ಹ್ಯಾವ್ ಅಥವಾ ಹ್ಯಾಸ್. ಇಲ್ಲೇ ಕಾಲು ಜಾರುವುದು. ಕನ್ನಡದಲ್ಲಿ ಕ್ರಿಯಾಪದ ಮಕ್ಕಳ ಜೊತೆ ಹೊಂದಿಕೊಂಡಿದೆ: ಮಕ್ಕಳು ಇಬ್ಬರು, ಅದಕ್ಕೇ ‘ಇದ್ದಾರೆ’. ಇಂಗ್ಲಿಷಿನಲ್ಲಿ ಅದು ಒಡತಿಯ ಜೊತೆ ಹೊಂದಿಕೊಳ್ಳಬೇಕು. ಒಡತಿ ಒಬ್ಬಳೇ. ಹಾಗಾಗಿ ‘ಮಾಲತಿ ಹ್ಯಾಸ್ ಟೂ ಚಿಲ್ಡ್ರನ್’. ಮಕ್ಕಳು ಹತ್ತಾದರೂ ಹ್ಯಾಸ್. ‘ನಮ್ಮ ಮನೆಗೆ ಎರಡು ಬಾಗಿಲಿವೆ’ ಅಂದರೂ ಅಷ್ಟೇ, ‘ಅವರ್ ಹೌಸ್ ಹ್ಯಾಸ್ ಟೂ ಡೋರ್ಸ್’.

‘ಇಲ್ಲ’ ಬಂದರೆ ‘ಡೋಂಟ್ ಹ್ಯಾವ್’ ಅಥವಾ ‘ಡಸಂಟ್ ಹ್ಯಾವ್’. ‘ಐ ಹ್ಯಾವ್ ನಾಟ್ ಮನಿ’ ಅನ್ನಬೇಡಿ. ‘ಐ ಡೋಂಟ್ ಹ್ಯಾವ್ ಮನಿ’ ಅಥವಾ ‘ಐ ಹ್ಯಾವ್ ನೋ ಮನಿ’.

ಎಚ್ಚರಿಕೆ: ‘ಇದೆ’ ಕಂಡ ಕಡೆಯಲ್ಲೆಲ್ಲಾ ಹ್ಯಾವ್ ಹಾಕಬೇಡಿ. ‘ಯಾರಿಗೆ’ ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ ‘ಎಲ್ಲಿ’ ಅನ್ನುವುದಕ್ಕೆ ಮಾತ್ರ ಸಿಕ್ಕಿದರೆ ಅದು ‘ದೇರ್ ಈಸ್’. ಮೇಜಿನ ಮೇಲೆ ಪುಸ್ತಕ ಇದೆ, ‘ದೇರ್ ಈಸ್ ಎ ಬುಕ್ ಆನ್ ದ ಟೇಬಲ್’.

ಇನ್ನೊಂದು ಎಚ್ಚರಿಕೆ ಮೈಮನಸ್ಸಿನ ಸ್ಥಿತಿಗಳದ್ದು. ಹಸಿವು, ಬಾಯಾರಿಕೆ, ಚಳಿ, ಭಯ, ವಯಸ್ಸು ಇವೆಲ್ಲ ಕನ್ನಡದಲ್ಲಿ ‘ನನಗೆ’ ಜೊತೆ ಬರುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಹ್ಯಾವ್ ಇಲ್ಲ, ‘ಐ ಆಮ್’ ಬೇಕು: ಐ ಆಮ್ ಹಂಗ್ರಿ, ಐ ಆಮ್ ಅಫ್ರೇಡ್, ಐ ಆಮ್ ಟ್ವೆಂಟಿ. ಫ್ರೆಂಚರು ಮಾತ್ರ ‘ನನ್ನಲ್ಲಿ ಇಪ್ಪತ್ತು ವರ್ಷ ಇದೆ’ ಅನ್ನೋ ಥರ ತಮ್ಮ ಹ್ಯಾವ್ ಹಾಕಿಯೇ ವಯಸ್ಸು ಹೇಳುತ್ತಾರೆ, ಅದು ಅವರ ಖುಷಿ. ಕಾಯಿಲೆಗಳು ಮಾತ್ರ ಹ್ಯಾವ್ ಕಡೆಗೇ ಸೇರುತ್ತವೆ: ಐ ಹ್ಯಾವ್ ಎ ಹೆಡೇಕ್, ಐ ಹ್ಯಾವ್ ಎ ಫೀವರ್. ಈ ಎರಡರ ನಡುವಿನ ಗೆರೆ ಎಷ್ಟು ಸಣ್ಣದು ನೋಡಿ: ‘ಐ ಆಮ್ ಕೋಲ್ಡ್’ ಅಂದರೆ ಚಳಿಯಾಗುತ್ತಿದೆ, ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ. ಒಂದಕ್ಕೆ ಸ್ವೆಟರ್, ಇನ್ನೊಂದಕ್ಕೆ ಮೆಣಸಿನ ಕಷಾಯ.

3. ಹ್ಯಾವಿಂಗ್ ಹಾಕಬಹುದಾ?

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್.’ ನಮ್ಮ ಕಡೆ ಅತಿ ಹೆಚ್ಚು ಕೇಳಿಬರುವ ತಪ್ಪು ಇದೇ ಇರಬೇಕು. ಇದರ ವಿರುದ್ಧ ಎಷ್ಟು ಜನ ಗುಡುಗಿದ್ದಾರೆ ಅಂದ್ರೆ, ಕೆಲವರು ಹೆದರಿ ಹ್ಯಾವಿಂಗ್ ಅನ್ನೇ ಬಿಟ್ಟುಬಿಟ್ಟಿದ್ದಾರೆ. ಅದೂ ಬೇಡ.

ಕನ್ನಡದಲ್ಲಿ ಪರೀಕ್ಷೆ ಮಾಡಿ. ನಿಮ್ಮ ವಾಕ್ಯ ‘ಇದೆ’, ‘ಇದ್ದಾರೆ’ ಅಂತ ನಿಲ್ಲುತ್ತಾ? ಹಾಗಿದ್ದರೆ ಹ್ಯಾವಿಂಗ್ ಇಲ್ಲ. ‘ಮಾಡ್ತಾ ಇದೀನಿ’, ‘ತಿಂತಾ ಇದೀನಿ’, ‘ಕುಡೀತಾ ಇದೀನಿ’ ಅಂತ ‘ತಾ’ ಬರುತ್ತಾ? ಆಗ ಹ್ಯಾವಿಂಗ್ ಧಾರಾಳವಾಗಿ ಹಾಕಿ. ‘ಊಟ ಮಾಡ್ತಾ ಇದೀನಿ, ಆಮೇಲೆ ಫೋನ್ ಮಾಡ್ತೀನಿ’ ಅನ್ನಲು ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿಯಾದ ಇಂಗ್ಲಿಷೇ. ‘ಇಬ್ಬರು ಅಣ್ಣಂದಿರು ಇರ್ತಾ ಇದ್ದಾರೆ’ ಅಂತ ನೀವು ಹೇಳುವುದಿಲ್ಲ, ಅಲ್ವಾ? ಇಂಗ್ಲಿಷಿನವರ ಕಿವಿಗೆ ‘ಹ್ಯಾವಿಂಗ್ ಟೂ ಬ್ರದರ್ಸ್’ ಹಾಗೇ ಕೇಳಿಸುತ್ತದೆ.

ಕೆಲವು ಸಲ ಎರಡೂ ಸರಿ, ಅರ್ಥ ಮಾತ್ರ ಬೇರೆ. ‘ಶೀ ಹ್ಯಾಸ್ ಎ ಬೇಬಿ’ ಅಂದರೆ ಅವಳಿಗೆ ಮಗು ಇದೆ. ‘ಶೀ ಈಸ್ ಹ್ಯಾವಿಂಗ್ ಎ ಬೇಬಿ’ ಅಂದರೆ ಅವಳು ಬಸುರಿ, ಇಲ್ಲವೇ ಹೆರಿಗೆ ಆಗುತ್ತಿದೆ. ಪಕ್ಕದ ಮನೆಯವರ ಬಗ್ಗೆ ಹೇಳುವಾಗ ನೋಡಿಕೊಂಡು ಹೇಳಿ.

ಇಲ್ಲಿ ಹ್ಯಾವ್ ಅಂದರೆ ಇರುವುದಲ್ಲ, ಮಾಡುವುದು. ತಿನ್ನುವುದು, ಕುಡಿಯುವುದು, ಸ್ನಾನ ಎಲ್ಲ ಇದರಲ್ಲಿ ಬರುತ್ತದೆ: ಹ್ಯಾವ್ ಕಾಫಿ, ಹ್ಯಾವ್ ಎ ಬಾತ್, ಹ್ಯಾವ್ ಎ ಲುಕ್. ಅಮೆರಿಕದವರು ‘ಟೇಕ್ ಎ ಬಾತ್’ ಅನ್ನುವುದು ಜಾಸ್ತಿ, ಬ್ರಿಟಿಷರು ‘ಹ್ಯಾವ್ ಎ ಬಾತ್’. ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

4. ಓದಿದೆ, ಓದಿದ್ದೇನೆ, ಓದಿದ್ದೆ

ಈಗ ಹ್ಯಾವ್‌ನ ಎರಡನೇ ದೊಡ್ಡ ಕೆಲಸ. ಇನ್ನೊಂದು ಕ್ರಿಯಾಪದದ ಬೆನ್ನಿಗೆ ನಿಂತು ‘ಆಗಿದೆ’ ಅಂತ ಹೇಳುವುದು. ಹ್ಯಾವ್ ಆದಮೇಲೆ ಮೂರನೇ ರೂಪ: ಹ್ಯಾವ್ ರೆಡ್, ಹ್ಯಾವ್ ಸೀನ್, ಹ್ಯಾವ್ ಈಟನ್.

‘ನನ್ನ ಹತ್ರ ಇದೆ’ ಅನ್ನುವುದಕ್ಕೂ ‘ಓದಿ ಮುಗಿಸಿದ್ದೇನೆ’ ಅನ್ನುವುದಕ್ಕೂ ಒಂದೇ ಪದ ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಕನ್ನಡವೂ ಅದನ್ನೇ ಮಾಡುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೆ. ‘ಓದಿದ್ದೇನೆ’ ಬಿಡಿಸಿ ನೋಡಿ: ಓದಿ + ಇದ್ದೇನೆ. ಶಾಲೆಯಲ್ಲಿ ಕಲಿತ ಲೋಪಸಂಧಿ. ಅದೇ ‘ಇರು’! ಇಂಗ್ಲಿಷಿನಲ್ಲೂ ಇದು ಹುಟ್ಟಿದ್ದು ಇರುವಿಕೆಯಿಂದಲೇ. ‘ನನ್ನ ಹತ್ರ ಬರೆದಿಟ್ಟ ಕಾಗದ ಇದೆ’ ಅನ್ನುವ ಥರದ ಮಾತು ಸವೆಯುತ್ತಾ ಸವೆಯುತ್ತಾ ‘ನಾನು ಕಾಗದ ಬರೆದಿದ್ದೇನೆ’ ಆಯಿತು.

ಮೂರು ರೂಪಗಳನ್ನು ಹೀಗೆ ಜೋಡಿಸಿಟ್ಟುಕೊಳ್ಳಿ:

ಓದಿದೆ: ಐ ರೆಡ್
ಓದಿದ್ದೇನೆ: ಐ ಹ್ಯಾವ್ ರೆಡ್
ಓದಿದ್ದೆ: ಐ ಹ್ಯಾಡ್ ರೆಡ್

ಈ ಜೋಡಿ ಮುಕ್ಕಾಲು ಪಾಲು ಕೆಲಸ ಮಾಡುತ್ತದೆ. ಉಳಿದ ಕಾಲು ಪಾಲಿನಲ್ಲೇ ಗುಂಡಿಗಳಿವೆ.

*ಗುಂಡಿ ಒಂದು, ‘ನಿನ್ನೆ’.* ‘ನಿನ್ನೆನೇ ಕೊಟ್ಟಿದ್ದೇನಲ್ಲ’ ಅನ್ನುವುದು ಒಳ್ಳೆಯ ಕನ್ನಡ. ‘ಐ ಹ್ಯಾವ್ ಗಿವನ್ ಇಟ್ ಯೆಸ್ಟರ್‌ಡೇ’ ಮಾತ್ರ ಇಂಗ್ಲಿಷಲ್ಲ. ನಿನ್ನೆ, ಹೋದ ವಾರ, 2019ರಲ್ಲಿ, ಬೆಳಗ್ಗೆ ಎಂಟಕ್ಕೆ, ಹೀಗೆ ಮುಗಿದುಹೋದ ಹೊತ್ತಿನ ಹೆಸರು ಬಂತೋ, ಹ್ಯಾವ್ ಹೊರಗೆ. ‘ಐ ಗೇವ್ ಇಟ್ ಯೆಸ್ಟರ್‌ಡೇ.’ ಹೊತ್ತು ಹೇಳದಿದ್ದರೆ ‘ಐ ಹ್ಯಾವ್ ಗಿವನ್ ಇಟ್’ ಸರಿ.

*ಗುಂಡಿ ಎರಡು, ಸುಮ್ಸುಮ್ನೆ ಹ್ಯಾಡ್.* ‘ಭಾನುವಾರ ಮೈಸೂರಿಗೆ ಹೋಗಿದ್ದೆ’ ಅನ್ನುತ್ತೇವೆ. ಪಟ್ಟಿ ಪ್ರಕಾರ ‘ಹೋಗಿದ್ದೆ’ ಅಂದ್ರೆ ‘ಹ್ಯಾಡ್ ಗಾನ್’ ಅಲ್ವಾ? ಹಾಗಂತ ‘ಐ ಹ್ಯಾಡ್ ಗಾನ್ ಟು ಮೈಸೂರು ಆನ್ ಸಂಡೇ’ ಅಂದರೆ ಕೇಳುವವರು ‘ಆಮೇಲೇನಾಯ್ತು?’ ಅಂತ ಕಾಯುತ್ತಾರೆ. ಹ್ಯಾಡ್ ಜೊತೆ ಮೂರನೇ ರೂಪ ಬರಬೇಕಾದರೆ ಹಿಂದೆ ನಡೆದ ಎರಡು ಸಂಗತಿ ಇರಬೇಕು, ಅದರಲ್ಲಿ ಮೊದಲು ಆದದ್ದಕ್ಕೆ ಹ್ಯಾಡ್. ‘ನಾನು ಸ್ಟೇಷನ್ನಿಗೆ ಹೋಗುವಷ್ಟರಲ್ಲಿ ರೈಲು ಹೊರಟುಹೋಗಿತ್ತು’: ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್. ಒಂದೇ ಸಂಗತಿ ಇದ್ದರೆ ‘ಐ ವೆಂಟ್ ಟು ಮೈಸೂರು ಆನ್ ಸಂಡೇ’, ಮುಗೀತು.

*ಗುಂಡಿ ಮೂರು, ‘ಇಂದ’.* ‘ಹತ್ತು ವರ್ಷದಿಂದ ಹುಬ್ಬಳ್ಳಿಯಲ್ಲಿದ್ದೇನೆ.’ ಕನ್ನಡಕ್ಕೆ ವರ್ತಮಾನ ಸಾಕು. ಅದನ್ನೇ ‘ಐ ಆಮ್ ಲಿವಿಂಗ್ ಇನ್ ಹುಬ್ಬಳ್ಳಿ ಫ್ರಮ್ ಟೆನ್ ಇಯರ್ಸ್’ ಅಂದುಬಿಡುತ್ತೇವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಹ್ಯಾವ್ ಬೇಕೇಬೇಕು: ‘ಐ ಹ್ಯಾವ್ ಲಿವ್ಡ್ ಇನ್ ಹುಬ್ಬಳ್ಳಿ ಫಾರ್ ಟೆನ್ ಇಯರ್ಸ್’ ಅಥವಾ ‘ಹ್ಯಾವ್ ಬೀನ್ ಲಿವಿಂಗ್’. ‘ಇಂದ’ಕ್ಕೆ ಫ್ರಮ್ ಹಾಕಬೇಡಿ. ಎಷ್ಟು ಕಾಲ ಅಂತ ಹೇಳಿದರೆ ಫಾರ್, ಯಾವಾಗಿನಿಂದ ಅಂತ ಹೇಳಿದರೆ ಸಿನ್ಸ್: ಫಾರ್ ಟೆನ್ ಇಯರ್ಸ್, ಸಿನ್ಸ್ 2015. ‘ಅವನು ನನಗೆ ಚಿಕ್ಕಂದಿನಿಂದ ಗೊತ್ತು’ ಅನ್ನುವುದಕ್ಕೂ ‘ಐ ನೋ’ ಸಾಲದು, ‘ಐ ಹ್ಯಾವ್ ನೋನ್ ಹಿಮ್ ಸಿನ್ಸ್ ಚೈಲ್ಡ್‌ಹುಡ್’.

*ಗುಂಡಿ ನಾಲ್ಕು, ಗಾನ್ ಮತ್ತು ಬೀನ್.* ಇದಕ್ಕೆ ಕನ್ನಡದಲ್ಲೇ ಚೆಂದದ ಕೀಲಿ ಇದೆ. ‘ಅಮ್ಮ ಧರ್ಮಸ್ಥಳಕ್ಕೆ ಹೋಗಿದ್ದಾರೆ’ ಅಂದರೆ ಇನ್ನೂ ವಾಪಸ್ ಬಂದಿಲ್ಲ, ಹ್ಯಾಸ್ ಗಾನ್. ‘ಹೋಗಿ ಬಂದಿದ್ದಾರೆ’ ಅಂದರೆ ಹ್ಯಾಸ್ ಬೀನ್. ಹಾಗಾಗಿ ‘ಐ ಹ್ಯಾವ್ ಗಾನ್ ಟು ಡೆಲ್ಲಿ ತ್ರೀ ಟೈಮ್ಸ್’ ಅಂತ ನೀವು ಬೆಂಗಳೂರಿನಲ್ಲಿ ಕೂತು ಹೇಳಬೇಡಿ. ಮೂರು ಸಲ ಹೋಗಿ ಬಂದಿದ್ದೀರಿ: ‘ಐ ಹ್ಯಾವ್ ಬೀನ್ ಟು ಡೆಲ್ಲಿ ತ್ರೀ ಟೈಮ್ಸ್.’

ಇನ್ನು ಆ ಹ್ಯಾಡ್ ಹ್ಯಾಡ್. ಅಚ್ಚಿನ ತಪ್ಪಲ್ಲ. ಮೊದಲನೆಯದು ಬೆನ್ನಿಗೆ ನಿಲ್ಲುವ ಹ್ಯಾಡ್, ಎರಡನೆಯದು ‘ಹ್ಯಾವ್’ ಅನ್ನುವುದರದೇ ಮೂರನೇ ರೂಪ. ‘ಊಟ ಆಯ್ತಾ?’ ಅನ್ನುವುದನ್ನೇ ತೆಗೆದುಕೊಳ್ಳಿ: ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಹ್ಯಾವ್ ಅಂದರೆ ಆಗಿದೆಯಾ, ಹ್ಯಾಡ್ ಅಂದರೆ ಊಟ ಮಾಡುವುದು. ಇದನ್ನೇ ಹಿಂದಕ್ಕೆ ತಳ್ಳಿದರೆ ‘ಐ ಹ್ಯಾಡ್ ಹ್ಯಾಡ್ ಲಂಚ್ ಬಿಫೋರ್ ಹೀ ಕೇಮ್’, ಅವನು ಬರುವ ಮೊದಲೇ ನನ್ನ ಊಟ ಆಗಿತ್ತು.

5. ಹ್ಯಾವ್ ಟು: ‘ಬೇಕು’ಗಳಲ್ಲಿ ಒಂದು

ನಮ್ಮ ‘ಬೇಕು’ ಒಂದು ದೊಡ್ಡ ಚೀಲ. ಕಾಫಿ ಬೇಕು, ಸುಳ್ಳು ಹೇಳದೆ ಇರಬೇಕು, ನಾಳೆ ಆಫೀಸಿಗೆ ಹೋಗಬೇಕು, ಎಲ್ಲಾ ಅದರೊಳಗೇ. ಹೊರಗಿನ ಒತ್ತಾಯ ಇದ್ದಾಗ, ಅಂದರೆ ‘ಬೇರೆ ದಾರಿ ಇಲ್ಲ, ಮಾಡಲೇಬೇಕು’ ಅನ್ನುವಾಗ ‘ಹ್ಯಾವ್ ಟು’. ‘ಐ ಹ್ಯಾವ್ ಟು ಗೋ ಟು ದ ಆಫೀಸ್ ಟುಮಾರೋ.’ ‘ಹೋಗಬೇಕಾಯಿತು’ ಅಂದರೆ ‘ಹ್ಯಾಡ್ ಟು ಗೋ’. ಮಸ್ಟ್ ಅನ್ನುವುದಕ್ಕೆ ಭೂತಕಾಲದ ರೂಪ ಇಲ್ಲ, ಆಗಲೂ ಹ್ಯಾಡ್ ಟು ಬಳಸಬೇಕು.

ಇಲ್ಲವನ್ನುವಾಗ ಜೋಪಾನ. ‘ಯೂ ಡೋಂಟ್ ಹ್ಯಾವ್ ಟು ಕಮ್’ ಅಂದರೆ ಬರಬೇಕಾಗಿಲ್ಲ, ಬಂದರೂ ಸಂತೋಷ. ‘ಯೂ ಮಸ್ಟ್ ನಾಟ್ ಕಮ್’ ಅಂದರೆ ಬರಲೇಬಾರದು. ಮದುವೆಗೆ ಕರೆಯುವಾಗ ಇವೆರಡು ಅದಲುಬದಲಾದರೆ ಸಂಬಂಧವೇ ಕೆಡುತ್ತದೆ.

ಉಚ್ಚಾರಣೆಯಲ್ಲಿ ಇದು ‘ಹ್ಯಾಫ್ ಟು’ ಅಂತ ಕೇಳಿಸುತ್ತದೆ. ಕೇಳಿ ಗಾಬರಿಯಾಗಬೇಡಿ. ಅರ್ಧ ಅನ್ನುವ ಹಾಫ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ.

6. ಮಾಡಿದೆ, ಮಾಡಿಸಿದೆ

ಇದು ತುಂಬಾ ಜನ ಕಲಿಯದೇ ಬಿಡುವ ಹೆಜ್ಜೆ. ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಸುಲಭ ಆಗಬೇಕಿತ್ತು, ಯಾಕಂದ್ರೆ ನಮ್ಮಲ್ಲಿ ‘ಇಸು’ ಇದೆ. ಕಟ್ಟಿದೆ ಬೇರೆ, ಕಟ್ಟಿಸಿದೆ ಬೇರೆ. ಇಂಗ್ಲಿಷಿನಲ್ಲಿ ಆ ‘ಇಸು’ವಿನ ಕೆಲಸ ಮಾಡುವುದೂ ಹ್ಯಾವ್.

ಆದರೂ ನಾವು ಏನು ಬರೆಯುತ್ತೇವೆ? ‘ಐ ಕಟ್ ಮೈ ಹೇರ್.’ ಅಂದರೆ ಕನ್ನಡಿ ಮುಂದೆ ನಿಂತು ನೀವೇ ಕತ್ತರಿ ಆಡಿಸಿದಿರಿ ಅಂತ. ‘ಐ ಬಿಲ್ಟ್ ಎ ಹೌಸ್’ ಅನ್ನುವುದು ಇಂಗ್ಲಿಷಿನಲ್ಲಿ ನಡೆಯುತ್ತದೆ, ಆದರೆ ಮೇಸ್ತ್ರಿ ಕೈಲಿ ಕಟ್ಟಿಸಿದ್ದು ಅಂತ ಸ್ಪಷ್ಟವಾಗಬೇಕಾದರೆ ‘ಐ ಹ್ಯಾಡ್ ಎ ಹೌಸ್ ಬಿಲ್ಟ್’. ಕೂದಲಿಗೆ ‘ಐ ಹ್ಯಾಡ್ ಮೈ ಹೇರ್ ಕಟ್’.

ಪದಗಳ ಜಾಗ ಇಲ್ಲಿ ಮುಖ್ಯ. ಹ್ಯಾಡ್, ಆಮೇಲೆ ವಸ್ತು, ಕೊನೆಗೆ ಮೂರನೇ ರೂಪ. ವಸ್ತುವನ್ನು ಕೊನೆಗೆ ಸರಿಸಿ ‘ಐ ಹ್ಯಾಡ್ ಕಟ್ ಮೈ ಹೇರ್’ ಅಂದರೆ ಅದು ‘ಕತ್ತರಿಸಿಕೊಂಡಿದ್ದೆ’ ಅಂತ ನಾಲ್ಕನೇ ಹೆಜ್ಜೆಯ ಹ್ಯಾಡ್ ಆಗುತ್ತದೆ, ಕತ್ತರಿ ಮತ್ತೆ ನಿಮ್ಮ ಕೈಗೇ ಬರುತ್ತದೆ.

7. ಚುಟುಕು ರೂಪಗಳು

ಮಾತಿನಲ್ಲಿ ‘ಐ ಹ್ಯಾವ್’ ಸವೆದು ‘ಐವ್’ ಆಗುತ್ತದೆ. ‘ಹೀಸ್’ ಅಂದರೆ ಹೀ ಈಸ್ ಇರಬಹುದು, ಹೀ ಹ್ಯಾಸ್ ಇರಬಹುದು. ಮುಂದೆ ಮೂರನೇ ರೂಪ ಬಂದರೆ ಬಹುಪಾಲು ಹ್ಯಾಸ್. ‘ಕುಡ್ ಹ್ಯಾವ್’ ಸವೆದು ‘ಕುಡವ್’ ಅಂತ ಕೇಳಿಸುವುದರಿಂದ ಇಂಗ್ಲಿಷರೇ ಎಷ್ಟೋ ಜನ ‘ಕುಡ್ ಆಫ್’ ಅಂತ ತಪ್ಪು ಬರೆಯುತ್ತಾರೆ. ನೀವು ಬರೆಯಬೇಡಿ. ಅರ್ಜಿ, ಆಫೀಸಿನ ಪತ್ರಗಳಲ್ಲಿ ಪೂರ್ತಿ ರೂಪವೇ ಇರಲಿ.

8. ಒಂದು ರಜಾ ಚೀಟಿ ರಿಪೇರಿ

ಈಗ ಎಲ್ಲವನ್ನೂ ಒಂದು ಕಡೆ ಪ್ರಯೋಗ ಮಾಡೋಣ. ಇಂಥ ರಜಾ ಚೀಟಿಯನ್ನು ನಾವೆಲ್ಲರೂ ಬರೆದಿದ್ದೇವೆ, ನಾನೂ ಬರೆದಿದ್ದೇನೆ:

‘ಐ ಆಮ್ ಹ್ಯಾವಿಂಗ್ ಫೀವರ್ ಫ್ರಮ್ ತ್ರೀ ಡೇಸ್. ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದ ಡಾಕ್ಟರ್. ಐ ಹ್ಯಾವ್ ಡನ್ ಬ್ಲಡ್ ಟೆಸ್ಟ್ ಆಲ್ಸೋ. ಡಾಕ್ಟರ್ ಹ್ಯಾವ್ ಟೋಲ್ಡ್ ಟು ಟೇಕ್ ರೆಸ್ಟ್.’

ಮೊದಲ ಸಾಲು: ಜ್ವರ ‘ಇದೆ’, ಹಾಗಾಗಿ ಹ್ಯಾವಿಂಗ್ ಬೇಡ. ಮೂರು ದಿನದಿಂದ ಈಗಿನವರೆಗೂ ಇದೆ, ಹಾಗಾಗಿ ಬೆನ್ನಿಗೆ ನಿಲ್ಲುವ ಹ್ಯಾವ್ ಬೇಕು. ಆ ಹ್ಯಾವ್ ಮುಂದೆ ಜ್ವರದ ಹ್ಯಾವ್ ಮೂರನೇ ರೂಪಕ್ಕೆ ಬರುತ್ತದೆ: ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್.’

ಎರಡನೇ ಸಾಲು: ಸಂಗತಿ ಒಂದೇ, ಜೊತೆಗೆ ‘ನಿನ್ನೆ’ ಬೇರೆ ಇದೆ. ಹ್ಯಾಡ್ ಹೊರಗೆ.

ಮೂರನೇ ಸಾಲು: ಟೆಸ್ಟ್ ಮಾಡಿದ್ದು ಲ್ಯಾಬಿನವರು. ನೀವು ಮಾಡಿಸಿದಿರಿ.

ನಾಲ್ಕನೇ ಸಾಲು: ಡಾಕ್ಟರ್ ಒಬ್ಬರೇ, ಎಷ್ಟೇ ಮರ್ಯಾದೆ ಇದ್ದರೂ ಹ್ಯಾಸ್. ಯಾರಿಗೆ ಹೇಳಿದರು ಅನ್ನುವುದೂ ಬೇಕು, ಟೋಲ್ಡ್ ಆದಮೇಲೆ ‘ಮಿ’ ಬಿಡುವ ಹಾಗಿಲ್ಲ.

ರಿಪೇರಿ ಆದ ಚೀಟಿ ಇದು:

‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್. ಐ ವೆಂಟ್ ಟು ದ ಡಾಕ್ಟರ್ ಯೆಸ್ಟರ್‌ಡೇ ಅಂಡ್ ಹ್ಯಾಡ್ ಎ ಬ್ಲಡ್ ಟೆಸ್ಟ್ ಡನ್. ದ ಡಾಕ್ಟರ್ ಹ್ಯಾಸ್ ಟೋಲ್ಡ್ ಮಿ ಟು ರೆಸ್ಟ್, ಸೋ ಐ ಹ್ಯಾವ್ ಟು ಸ್ಟೇ ಅಟ್ ಹೋಮ್ ಫಾರ್ ಟೂ ಡೇಸ್.’

ಇದನ್ನು ಹಾಗೇ ಕಳಿಸಬಹುದು. ಕೆಳಗೆ ‘ಕೈಂಡ್ಲಿ ಡೂ ದ ನೀಡ್‌ಫುಲ್’ ಮಾತ್ರ ಸೇರಿಸಬೇಡಿ. ಅದರ ಬಗ್ಗೆ ಜಗಳ ಇನ್ನೊಂದು ದಿನ ಆಡೋಣ.